ಐ-ಕೋರ್: ಎನ್‌ಐಎಚ್‌ನ ತರಬೇತಿಯೋ, ಪ್ರಾದೇಶಿಕ ಕಿರುಕೋರ್ಸೋ?

ಐ-ಕೋರ್ ಎಂದರೆ ಸಂಶೋಧನೆಯಿಂದ ಹುಟ್ಟಿದ ಉತ್ಪನ್ನವನ್ನು ಕೊಳ್ಳುವವರು ಯಾರೆಂದು ಕಂಡುಕೊಳ್ಳಲು ಕಲಿಸುವ ತರಬೇತಿ. ಅಮೆರಿಕದಲ್ಲಿ ವೈದ್ಯಕೀಯ ನವೋದ್ಯಮ ಕಟ್ಟುತ್ತಿರುವ ನೀವು ಮೊದಲು ನೋಡಬೇಕಾದದ್ದು ಅರ್ಹತೆ. ಎನ್‌ಐಎಚ್‌ನ (ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಐ-ಕೋರ್ ಇರುವುದು ಎಸ್‌ಬಿಐಆರ್ ಅಥವಾ ಎಸ್‌ಟಿಟಿಆರ್ ಎಂಬ, ಸಣ್ಣ ಕಂಪನಿಗಳ ಸಂಶೋಧನೆಗೆ ಸರ್ಕಾರ ಕೊಡುವ ಅನುದಾನ ಪಡೆದ ಕಂಪನಿಗಳಿಗೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವಾದ ಎನ್‌ಎಸ್‌ಎಫ್‌ನ ಪ್ರಾದೇಶಿಕ ಐ-ಕೋರ್ ಕೋರ್ಸಿಗೆ ಆ ಅನುದಾನ ಬೇಕಿಲ್ಲ. ಎರಡೂ ನಿಮ್ಮ ಕಂಪನಿಯಲ್ಲಿ ಪಾಲು ಕೇಳುವುದಿಲ್ಲ.

ನಿಜವಾದ ವ್ಯತ್ಯಾಸ ಶ್ರಮದಲ್ಲಿದೆ. ಎನ್‌ಐಎಚ್‌ನಲ್ಲಿ ಮೂವರ ತಂಡ 8 ವಾರಗಳಲ್ಲಿ ಉತ್ಪನ್ನವನ್ನು ಬಳಸಬಹುದಾದ, ಕೊಳ್ಳಬಹುದಾದ ಕನಿಷ್ಠ 100 ಜನರನ್ನು ಮಾತನಾಡಿಸಬೇಕು. ವೈದ್ಯರು ಮೆಚ್ಚಿದ ಸಾಧನವನ್ನು ಆಸ್ಪತ್ರೆಯ ಖರೀದಿ ವಿಭಾಗ ಕೊಳ್ಳುತ್ತದೆಯೇ, ವಿಮಾ ಕಂಪನಿ ಅದಕ್ಕೆ ಹಣ ತೆರುತ್ತದೆಯೇ ಎಂಬುದು ಅಲ್ಲಿ ಬಯಲಾಗುತ್ತದೆ. ಆದರೆ ಪ್ರಯೋಗಾಲಯದ ಕೆಲಸ ಹಿಂದೆ ಬೀಳುವುದು ಖಂಡಿತ. ಪ್ರಾದೇಶಿಕ ಕೋರ್ಸ್ ಕೆಲವೇ ವಾರಗಳದ್ದು, ಹಗುರ. ಅಷ್ಟು ಆಳವನ್ನು ಅದರಿಂದ ನಿರೀಕ್ಷಿಸಬೇಡಿ.

ಕಲ್ಪನೆ ಇನ್ನೂ ಹಸಿಯಾಗಿದ್ದರೆ ಕಿರುಕೋರ್ಸ್ ಸಾಕು. ಅನುದಾನ ಕೈಯಲ್ಲಿದ್ದು, ಕೊಳ್ಳುವವರು ಯಾರೆಂಬುದೇ ತಿಳಿಯದಿದ್ದರೆ ಎನ್‌ಐಎಚ್‌ನದಕ್ಕೆ ಅರ್ಜಿ ಹಾಕಿ.