ಗೂಗಲ್ ಫೋಟೋಸ್‌ನ ‘ಹೈಡ್’ ಸೌಲಭ್ಯ: ಮರೆಯಲು ಎಷ್ಟು ನೆರವು?

ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡರೆ ‘ಮೂರು ವರ್ಷದ ಹಿಂದೆ ಇದೇ ದಿನ’ ಎಂದು, ಮುರಿದುಹೋದ ಮದುವೆಯ ಫೋಟೋ ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. 2019ರಲ್ಲಿ ಗೂಗಲ್ ಫೋಟೋಸ್‌ಗೆ ‘ಮೆಮೊರೀಸ್’ ಬಂದ ಮೇಲೆ ಇದು ಬಹಳ ಜನರ ಪಾಡು. ಇದನ್ನು ತಡೆಯಲು ಆ್ಯಪ್‌ನಲ್ಲೇ ಎರಡು ಸ್ವಿಚ್‌ಗಳಿವೆ. ಬೇಡದ ನೆನಪನ್ನು ಅದುಮಲು ಮೆದುಳು ಮಾಡುವ ಕೆಲಸಕ್ಕೆ ಅವು ಎಷ್ಟು ಒತ್ತಾಸೆಯಾಗುತ್ತವೆ ಎಂಬುದೇ ಈ ವಿಮರ್ಶೆಯ ಅಳತೆಗೋಲು.

ಮೇಲ್ತುದಿಯಲ್ಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಫೋಟೋಸ್ ಸೆಟ್ಟಿಂಗ್ಸ್, ಅಲ್ಲಿಂದ ಪ್ರಿಫರೆನ್ಸಸ್, ಅದರೊಳಗೆ ಮೆಮೊರೀಸ್. ‘ಹೈಡ್ ಪೀಪಲ್ ಅಂಡ್ ಪೆಟ್ಸ್’ ಮತ್ತು ‘ಹೈಡ್ ಡೇಟ್ಸ್’ ಅಲ್ಲಿ ಸಿಗುತ್ತವೆ. ಆವೃತ್ತಿ ಬದಲಾದರೆ ಹೆಸರು, ಜಾಗ ತುಸು ಆಚೀಚೆ ಆಗಬಹುದು. ಮೊದಲನೆಯದರಲ್ಲಿ ಮುಖ ಆರಿಸಬೇಕು. ಎರಡನೆಯದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ತಾರೀಖು ಕೊಡಬೇಕು.

ಹೆಚ್ಚಿನವರು ಮುಖ ಆರಿಸಿ ಅಷ್ಟಕ್ಕೇ ಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ. ಒಬ್ಬರೇ ವ್ಯಕ್ತಿ ಆ್ಯಪ್‌ನ ಲೆಕ್ಕದಲ್ಲಿ ಎರಡು ಮೂರು ಗುಂಪಾಗಿ ಒಡೆದಿರುತ್ತಾರೆ: ಕನ್ನಡಕ ಹಾಕಿದ್ದು ಒಂದು, ಪೇಟ ಬಾಸಿಂಗದ್ದು ಇನ್ನೊಂದು, ಪಕ್ಕದಿಂದ ತೆಗೆದದ್ದು ಮತ್ತೊಂದು. ಎಲ್ಲ ಗುಂಪಿಗೂ ಒಂದೇ ಹೆಸರು ಕೊಟ್ಟು ಸೇರಿಸಿ, ಆಮೇಲೆ ಮರೆಮಾಡಿ. ಮುಖವೇ ಇಲ್ಲದ ಚಿತ್ರಗಳು ಹೀಗೆ ಮಾಡಿದರೂ ನುಸುಳುತ್ತವೆ. ಬಾಡಿಗೆ ಮನೆಯ ಬಾಲ್ಕನಿ, ಇಬ್ಬರೂ ಓಡಾಡಿದ ಸ್ಕೂಟರ್, ಎರಡು ಲೋಟ ಕಾಫಿ. ನೆನಪನ್ನು ಕೆದಕುವುದರಲ್ಲಿ ಇವು ಮುಖಕ್ಕಿಂತ ಕಡಿಮೆಯೇನಲ್ಲ. ಇಂಥವಕ್ಕೆ ತಾರೀಖಿನ ಸ್ವಿಚ್ಚೇ ಬೇಕು. ನಮ್ಮ ಮಟ್ಟಿಗೆ ಎರಡರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದೇ.

ಈ ಸ್ವಿಚ್‌ಗಳು ಹಿಡಿದಿಡುವುದು ಮೆಮೊರೀಸನ್ನು ಮಾತ್ರ. ಚಿತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಮೇಲಕ್ಕೆ ಸರಿಸುತ್ತಾ ಹೋದರೆ ಸಿಗುತ್ತವೆ, ಹುಡುಕಿದರೂ ಸಿಗುತ್ತವೆ. ಆರ್ಕೈವ್ ಮಾಡಿದರೆ ಮುಖ್ಯ ಸಾಲಿನಿಂದ ಮರೆಯಾಗುತ್ತವೆ, ಆದರೂ ಆಲ್ಬಮ್ಮಿನಲ್ಲಿ, ಹುಡುಕಾಟದಲ್ಲಿ ಬರುತ್ತವೆ. ಪೂರ್ತಿ ಕಣ್ಮರೆ ಬೇಕೆಂದರೆ ಲಾಕ್ಡ್ ಫೋಲ್ಡರ್. ಫೇಸ್‌ಬುಕ್ಕಿನ ಮೆಮೊರೀಸ್‌ಗೆ ಬೇರೆಯೇ ಸೆಟ್ಟಿಂಗ್ ಇದೆ, ಅಲ್ಲೂ ಇದೇ ಕೆಲಸ ಇನ್ನೊಮ್ಮೆ ಮಾಡಬೇಕು.

ಈಗ ಮೆದುಳಿನ ಕಡೆ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದರೆ ಮಂಗನೇ ಬರುತ್ತದೆ ಎಂಬುದು ನಮ್ಮ ಹಳೆಯ ಮಾತು. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ‘ಬಿಳಿ ಕರಡಿಯನ್ನು ನೆನೆಯಬೇಡಿ’ ಎಂದು ಜನರಿಗೆ ಹೇಳಿ ಇದನ್ನೇ ತೋರಿಸಿದರು. ಹಾಗಾದರೆ ಬೇಕೆಂದೇ ಮರೆಯುವುದು ಆಗದ ಕೆಲಸವೇ? 2001ರಲ್ಲಿ ಸಂಶೋಧಕರಾದ ಮೈಕೆಲ್ ಆಂಡರ್ಸನ್ ಮತ್ತು ಕೊಲಿನ್ ಗ್ರೀನ್ ಬೇರೆ ದಾರಿ ಹಿಡಿದರು. ಜನರಿಗೆ ಜೋಡಿ ಪದಗಳನ್ನು ಕಲಿಸಿ, ಒಂದು ಪದವನ್ನು ಮಾತ್ರ ತೋರಿಸಿ, ಅದನ್ನೇ ನೋಡುತ್ತಿರಿ, ಜೋಡಿ ಪದ ಮನಸ್ಸಿಗೆ ಬರಗೊಡಬೇಡಿ ಎಂದರು. ಹೀಗೆ ಹೆಚ್ಚು ಸಲ (16 ಸಲದವರೆಗೆ) ತಡೆದಷ್ಟೂ ಆ ಜೋಡಿ ಪದ ನೆನಪಾಗುವುದು ಕಡಿಮೆಯಾಯಿತು. 2007ರಲ್ಲಿ ಬ್ರೆಂಡನ್ ಡೆಪ್ಯೂ ತಂಡ ಮನಸ್ಸು ಕಲಕುವ ಚಿತ್ರಗಳಲ್ಲೂ ಇದನ್ನು ಕಂಡಿತು: ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗ ಚುರುಕಾದಂತೆ, ನೆನಪನ್ನು ಎತ್ತಿಕೊಡುವ ಹಿಪೊಕ್ಯಾಂಪಸ್, ಭಾವನೆಯ ಕಾವು ಕೊಡುವ ಅಮಿಗ್ಡಲ ಎರಡೂ ತಗ್ಗಿದವು.

ಹಾಗಾಗಿ ಪಳಗಬೇಕಾದ್ದು ಸುಳಿವು, ಅಂದರೆ ನೆನಪನ್ನು ಎಬ್ಬಿಸುವ ಪದ ಅಥವಾ ಚಿತ್ರ, ಎದುರಿಗಿರುವಾಗಲೇ ಅದರ ಹಿಂದಿನ ಕಥೆ ತೆರೆದುಕೊಳ್ಳದಂತೆ ತಡೆಯುವುದು. ಹೈಡ್ ಸ್ವಿಚ್ ಸುಳಿವನ್ನೇ ಎತ್ತಿಬಿಡುತ್ತದೆ. ಮೊದಲ ವಾರಗಳಲ್ಲಿ ಅದು ದೊಡ್ಡ ಉಪಕಾರ, ಯಾಕೆಂದರೆ ತಯಾರಿಲ್ಲದ ಹೊತ್ತಿನಲ್ಲಿ ಎದುರಾದ ಚಿತ್ರವನ್ನು ತಡೆಯುವುದು ತುಂಬಾ ಕಷ್ಟ. ನಿದ್ದೆಗೆಟ್ಟ ಮೆದುಳಿಗಂತೂ ಬೇಡದ ನೆನಪು ಹೆಚ್ಚು ನುಗ್ಗುತ್ತದೆ; ರಾತ್ರಿ ಎರಡು ಗಂಟೆಗೆ ಹಳೆಯ ಫೋಟೋ ಸರಿಸುವುದು ಕೆಟ್ಟ ಸಮಯದ ಆಯ್ಕೆ. ಆದರೆ ಸ್ವಿಚ್ಚೊಂದರಿಂದಲೇ ಯಾರೂ ಮರೆಯುವುದಿಲ್ಲ. ನಾವು ಐದಕ್ಕೆ ಮೂರೂವರೆ ಕೊಡುವುದು ಇದಕ್ಕೇ.

ಉಳಿದ ಕೆಲಸಕ್ಕೆ 2023ರಲ್ಲಿ ಜುಲ್ಕೈದಾ ಮಾಮತ್ ಮತ್ತು ಆಂಡರ್ಸನ್ 16 ದೇಶಗಳ 120 ಜನರಿಗೆ ಆನ್‌ಲೈನ್‌ನಲ್ಲಿ ಮೂರು ದಿನ ಕೊಟ್ಟ ತರಬೇತಿಯ ಮಾದರಿ ಇದೆ. ಅಲ್ಲಿ ತಡೆದದ್ದು ಮುಂದೇನಾಗುವುದೋ ಎಂಬ ಭಯಗಳನ್ನು. ಅಂಥ ಯೋಚನೆಗಳನ್ನು ತಡೆದವರಲ್ಲಿ ಆತಂಕ, ಖಿನ್ನತೆ ಇಳಿದವು, ಭಯಪಟ್ಟಂತೆ ಅವು ತಿರುಗಿಬೀಳಲಿಲ್ಲ. ರೀತಿ ಸರಳ: ನೆನಪಿಗೆ ಒಂದು ಸುಳಿವಿನ ಪದ ಇಟ್ಟುಕೊಳ್ಳಿ, ಆ ಪದದ ಮೇಲೆ ಕೆಲವು ಸೆಕೆಂಡು ಗಮನವಿಡಿ, ಚಿತ್ರ ಮೂಡತೊಡಗಿದರೆ ಅಲ್ಲೇ ಕತ್ತರಿಸಿ ಮತ್ತೆ ಪದಕ್ಕೆ ಬನ್ನಿ. ಅವರು ಒಂದೊಂದಕ್ಕೂ ದಿನಕ್ಕೆ 12 ಸಲ ಮಾಡಿಸಿದರು. ಪದದಿಂದ ಕಣ್ಣು ತಪ್ಪಿಸುವುದು, ಬೇರೆ ಯೋಚನೆಗೆ ಹಾರುವುದು, ‘ಮರೆತೆನೋ ಇಲ್ಲವೋ’ ಎಂದು ಕೆದಕಿ ನೋಡುವುದು, ಈ ಮೂರರಿಂದ ಅಭ್ಯಾಸ ಕೆಡುತ್ತದೆ. ಅಪಘಾತ, ಹಲ್ಲೆಯಂಥ ಆಘಾತವಿದ್ದರೆ ಒಬ್ಬರೇ ಮಾಡಲು ಹೋಗಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಸಿಟ್ಟಿನಲ್ಲಿ ಎಲ್ಲವನ್ನೂ ಡಿಲೀಟ್ ಮಾಡುವುದನ್ನು ನಾವು ಬೇಡವೆನ್ನುತ್ತೇವೆ. ಬ್ಯಾಕಪ್ ಆದ ಚಿತ್ರ ಟ್ರ್ಯಾಶ್‌ನಲ್ಲಿ 60 ದಿನವಷ್ಟೇ ಉಳಿಯುತ್ತದೆ; ಮನಸ್ಸು ತಣ್ಣಗಾಗಲು ಹಲವರಿಗೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಸಾವಿನ ದುಃಖದಲ್ಲಿ ಇರುವವರಿಗೆ ಮುಖದ ಸ್ವಿಚ್ ಮುಟ್ಟಲೇಬೇಡಿ ಎನ್ನುತ್ತೇವೆ. ಐಸಿಯು ಎದುರು ಕಾದ ದಿನಗಳು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ನೋಡಿ, ಅಷ್ಟನ್ನು ಮಾತ್ರ ಮುಚ್ಚಿ. ಅಪ್ಪ ಹಿತ್ತಲಲ್ಲಿ ಹಲಸಿನಹಣ್ಣು ಬಿಡಿಸುತ್ತಿದ್ದ ಫೋಟೋ ಬಂದರೆ ಬರಲಿ.