ರಿಪ್ಲೇ ಪ್ರೋ ಯೋಯೋ: ನಾಲ್ಕು ತಿಂಗಳು ಆಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಯೋಯೋ ಕೆಳಗೆ ಎಸೆದರೆ ತಾನಾಗಿ ಮೇಲೆ ಬರುವುದಿಲ್ಲ. ಎಷ್ಟು ಎಳೆದರೂ ದಾರದ ತುದಿಯಲ್ಲಿ ಸುಮ್ನೆ ತಿರುಗುತ್ತಾ ಇರುತ್ತದೆ. ಪಾರ್ಸಲ್ ಬಿಚ್ಚಿದ ದಿನ ಕೆಟ್ಟ ಮಾಲು ಬಂದಿದೆ ಅಂದುಕೊಂಡು ವಾಪಸ್ ಕಳಿಸಲು ಡಬ್ಬಿಗೆ ತುಂಬಿ ಇಟ್ಟಿದ್ದೆ. ಕೆಟ್ಟಿರಲಿಲ್ಲ. ಅದು ಇರುವುದೇ ಹಾಗೆ.

ಯೋಯೋಫ್ಯಾಕ್ಟರಿಯವರ ಪ್ಲಾಸ್ಟಿಕ್ ಯೋಯೋ ಇದು. 2014ರಲ್ಲಿ ಪ್ರಾಗ್‌ನಲ್ಲಿ, ಮತ್ತೆ 2019ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಜೆಂಟ್ರಿ ಸ್ಟೈನ್ ಹೆಸರಿನಲ್ಲಿ ಮಾಡಿದ್ದು. ನಡುವೆ ಬಾಲ್ ಬೇರಿಂಗ್, ಎರಡೂ ಒಳಬದಿಗೆ ಸಿಲಿಕೋನ್ ಪ್ಯಾಡ್. ಸಂದಿ ಅಗಲ ಇರುವುದರಿಂದ ದಾರ ಪ್ಯಾಡಿಗೆ ಕಚ್ಚಿಕೊಳ್ಳುವುದಿಲ್ಲ, ಅದಕ್ಕೇ ಅಷ್ಟು ಹೊತ್ತು ತಿರುಗುತ್ತದೆ. ಮೇಲೆ ಬರಬೇಕೆಂದರೆ ‘ಬೈಂಡ್’ ಮಾಡಬೇಕು. ಅಂದರೆ ದಾರದ ಒಂದು ಮಡಿಕೆಯನ್ನು ಆ ಸಂದಿಯೊಳಗೆ ತೂರಿಸಬೇಕು, ಆಗ ದಾರ ಪದರಪದರವಾಗಿ ಪ್ಯಾಡಿಗೆ ಬಿಗಿದು ಯೋಯೋ ಟಪ್ ಅಂತ ಅಂಗೈಗೆ ಬಂದು ಕೂರುತ್ತದೆ. ಇಷ್ಟು ಕಲಿಯಲು ನನಗೆ ಹನ್ನೊಂದು ದಿನ ಬೇಕಾಯಿತು.

ಕಲಿಸಿದವರು ಹುಬ್ಬಳ್ಳಿಯ ತೋಳನಕೆರೆ ದಂಡೆಯ ಹುಡುಗರು. ಭಾನುವಾರ ಬೆಳಗ್ಗೆ ನಾಲ್ಕೈದು ಜನ ಸೇರುತ್ತಾರೆ, ಇಬ್ಬರಂತೂ ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರುತ್ತಾರೆ. ಪಿಯುಸಿ ಓದುವ ಒಬ್ಬ ನಾನು ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿ, ‘ಅಣ್ಣಾರ, ಯೋಯೋ ನೋಡಬ್ಯಾಡ್ರಿ, ದಾರ ನೋಡ್ರಿ’ ಅಂದ. ಅವತ್ತೇ ಮೊದಲ ಬೈಂಡ್ ಕೂತಿತು.

ಆಮೇಲೆ ಟ್ರಪೀಜ್. ಯೋಯೋ ಪಕ್ಕಕ್ಕೆ ಎಸೆದು, ದಾರ ಎಡಗೈ ತೋರುಬೆರಳ ಮೇಲೆ ಹಾದು, ತಿರುಗಿ ಬಂದು ಅದೇ ದಾರದ ಮೇಲೆ ಇಳಿಯಬೇಕು. ಇದರಿಂದ ಮುಂದಕ್ಕೆ ಈಲೈ ಹಾಪ್ಸ್: ಎರಡೂ ಕೈ ಅಗಲಿಸಿ ಎಳೆದರೆ ಯೋಯೋ ಎದೆಯ ಎತ್ತರಕ್ಕೆ ಹಾರಿ ಮತ್ತೆ ಅದೇ ದಾರದ ಮೇಲೆ ಬೀಳಬೇಕು, ಆಗ ಯೋಯೋ ಕೂದಲೆಳೆಯಷ್ಟು ವಾಲಿದರೂ ದಾರ ತಪ್ಪುತ್ತದೆ. ನನ್ನದು ಯಾವಾಗಲೂ ವಾಲುತ್ತಿತ್ತು. ಕಾರಣ ಕೈ ಅಲ್ಲ, ಹುರಿ. ಎಸೆದೂ ಎಸೆದೂ ದಾರಕ್ಕೆ ಹುರಿ ಜಾಸ್ತಿ ಏರಿದರೆ ಅದು ಸುರುಳಿ ಸುತ್ತಿಕೊಂಡು ಯೋಯೋವನ್ನೂ ತಿರುಚುತ್ತದೆ. (ಗರಗದ ಕಡೆ ಖಾದಿ ನೂಲುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಕುಣಿಕೆಯನ್ನು ಬೆರಳಿನಿಂದ ತೆಗೆದು, ಯೋಯೋ ಹಿಡಿದುಕೊಂಡು ದಾರ ಇಳಿಬಿಟ್ಟರೆ ಹುರಿ ತಾನೇ ಬಿಚ್ಚುತ್ತದೆ. ಆ ಹುಡುಗ ಎರಡು ಮೂರು ಟ್ರಿಕ್‌ಗೊಮ್ಮೆ ಇದನ್ನು ಮಾಡುತ್ತಾನೆ, ಮಾತಾಡುತ್ತಲೇ.

ಕೇಶ್ವಾಪುರದ ಇನ್ನೊಬ್ಬರು ದಾರವನ್ನು ಬೆರಳಿಗೆ ಕಟ್ಟುವುದೇ ಇಲ್ಲ. ತುದಿಗೆ ಒಂದು ದಾಳ ಪೋಣಿಸಿಕೊಂಡು ಅದನ್ನೇ ಹಿಡಿದು, ಬಿಟ್ಟು, ಹಾರಿಸಿ ಆಡುತ್ತಾರೆ. ಸ್ಟೀವ್ ಬ್ರೌನ್ ಎಂಬ ಆಟಗಾರ ಹುಟ್ಟುಹಾಕಿದ ಈ ಆಟಕ್ಕೆ ಸ್ಪರ್ಧೆಗಳಲ್ಲಿ 5ಎ ಅನ್ನುತ್ತಾರೆ. ಅವರು ಆಡಲು ನಿಂತರೆ ನಾವೆಲ್ಲ ನಮ್ಮ ನಮ್ಮ ಯೋಯೋ ಸುತ್ತಿ ಜೇಬಿಗಿಟ್ಟು ನೋಡುತ್ತೇವೆ. ಅದನ್ನು ನೋಡಿದ ರಾತ್ರಿ ಮನೆಯಲ್ಲಿ ಊಟಕ್ಕೆ ಕರೆದರೂ ಕೇಳಿಸುವುದಿಲ್ಲ ನನಗೆ.

ಯೋಯೋ ವಿಷಯಕ್ಕೆ ಬಂದರೆ, ಕಾಂಕ್ರೀಟ್ ಮೇಲೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಅಂಚಿನಲ್ಲಿ ಗೀರು ಇವೆ, ತಿರುಗುವುದರಲ್ಲಿ ವ್ಯತ್ಯಾಸ ಇಲ್ಲ. ಕಲಿಯುವಾಗ ಲೋಹದ್ದು ಬೇಡ ಅನ್ನುವುದು ಇದಕ್ಕೇ, ಅದರ ಅಂಚು ಜಜ್ಜಿದರೆ ಬೆರಳು, ದಾರ ಎರಡನ್ನೂ ಕೊಯ್ಯುತ್ತದೆ. ಸಣ್ಣ ಮಕ್ಕಳಿಗೆ ಮಾತ್ರ ಇದನ್ನು ಕೊಡಿಸಬೇಡಿ, ಅವರಿಗೆ ಎಳೆದರೆ ಮೇಲೆ ಬರುವ ಯೋಯೋನೇ ಸರಿ.

ತರಿಸುವಾಗ ಪಾಲಿಯೆಸ್ಟರ್ ದಾರದ ಒಂದು ಕಟ್ಟನ್ನೂ ಜೊತೆಗೇ ತರಿಸಿ. ದಾರ ಸವೆಯುವ ವಸ್ತು, ನಾನು ದುರ್ಗದಬೈಲ್ ಪೇಟೆ ಪೂರ್ತಿ ಸುತ್ತಿದರೂ ಸಿಗಲಿಲ್ಲ. ಯೋಯೋ ನೆಲಕ್ಕೆ ತಾಗಿಸಿ ಹಿಡಿದು ಹೊಕ್ಕಳ ಮಟ್ಟಕ್ಕೆ ಕತ್ತರಿಸಿ, ಕುಣಿಕೆಗೆ ನಾಲ್ಕು ಬೆರಳು ಜಾಸ್ತಿ ಬಿಟ್ಟುಕೊಂಡು. ನನ್ನ ಮೊದಲ ದಾರ ಹರಿದ ಭಾನುವಾರ ಆ ಪಿಯುಸಿ ಹುಡುಗ ತನ್ನ ಹಳದಿ ದಾರವನ್ನೇ ಬಿಚ್ಚಿ ಕೊಟ್ಟು, ಬೆಳಗ್ಗೆಯೆಲ್ಲ ಕಟ್ಟೆ ಮೇಲೆ ಕೂತು ನನ್ನ ಕೈ ತಿದ್ದುತ್ತಿದ್ದ.