ಸೇಂಟ್ ಜಾನ್, ಲಂಡನ್: ಬಿಳಿ ಗೋಡೆಗಳ ನಡುವೆ ನಲ್ಲಿ ಮೂಳೆ

ವಾಸ್ತುಶಿಲ್ಪ ಓದಿ, ಅಡುಗೆಯ ಶಾಲೆಯ ಮೆಟ್ಟಿಲನ್ನೂ ಹತ್ತದೆ ಒಲೆಯ ಮುಂದೆ ನಿಂತ ಫರ್ಗಸ್ ಹೆಂಡರ್ಸನ್, ಟ್ರೆವರ್ ಗಲಿವರ್ ಅವರೊಂದಿಗೆ 1994ರಲ್ಲಿ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಬಳಿ, ಹಿಂದೆ ಹಂದಿಮಾಂಸಕ್ಕೆ ಹೊಗೆ ಹಾಕುತ್ತಿದ್ದ ಕಟ್ಟಡದಲ್ಲಿ ತೆರೆದ ಉಪಾಹಾರ ಗೃಹವಿದು. ಬಿಳಿ ಗೋಡೆ, ಮೇಜಿಗೆ ಕಾಗದದ ಹೊದಿಕೆ, ಚಿತ್ರವಿಲ್ಲ, ಸಂಗೀತವಿಲ್ಲ. ವಾಸ್ತುಶಿಲ್ಪಿಯ ಕೈ ಕಾಣುವುದು ಈ ಖಾಲಿತನದಲ್ಲಿಯೇ.

ಪ್ರಾಣಿಯನ್ನು ಕೊಂದ ಮೇಲೆ ಮೂಗಿನಿಂದ ಬಾಲದವರೆಗೆ ಎಲ್ಲವನ್ನೂ ತಿನ್ನುವುದೇ ಸೌಜನ್ಯವೆಂಬುದು ಅವರ ನಿಲುವು. ಅದರ ಸಾಕ್ಷಿಯಾಗಿ ಮೊದಲಿನಿಂದಲೂ ಪಟ್ಟಿಯಲ್ಲಿ ಉಳಿದಿರುವುದು ಹುರಿದ ಕರುವಿನ ನಲ್ಲಿ ಮೂಳೆ: ಉದ್ದನೆಯ ಸಲಾಕೆಯಿಂದ ನಡುಗುವ ಮಜ್ಜೆಯನ್ನು ಕೆದಕಿ ತೆಗೆದು, ಸುಟ್ಟ ಬ್ರೆಡ್ಡಿನ ಮೇಲೆ ಸವರಿ, ಬೂದುಬಣ್ಣದ ಹಸಿ ಉಪ್ಪು ಉದುರಿಸಿ, ನಿಂಬೆರಸ ಹಿಂಡಿದ ಪಾರ್ಸ್ಲಿ ಸೊಪ್ಪನ್ನು ಅದರ ಮೇಲಿಟ್ಟು ತಿನ್ನಬೇಕು. ಜಿಡ್ಡು ನಾಲಿಗೆಗೆ ಅಂಟುವಷ್ಟರಲ್ಲಿ ಸೊಪ್ಪಿನ ಹುಳಿ ಅದನ್ನು ತೊಳೆದುಬಿಡುತ್ತದೆ. ನಮ್ಮ ಮಿಲಿಟರಿ ಹೋಟೆಲುಗಳಲ್ಲಿ ನಲ್ಲಿ ಮೂಳೆಯನ್ನು ತಟ್ಟೆಗೆ ಕುಟ್ಟಿ ಹೀರಿದವರಿಗೆ ಈ ರುಚಿ ಹೊಸದಲ್ಲ, ಮಸಾಲೆಯಿಲ್ಲದ ಧೈರ್ಯ ಮಾತ್ರ ಹೊಸದು.

1998ರಲ್ಲಿ ಹೆಂಡರ್ಸನ್ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಪತ್ತೆಯಾಯಿತು. 2009ರಲ್ಲಿ ಉಪಾಹಾರ ಗೃಹಕ್ಕೆ ಮಿಷೆಲಿನ್ ತಾರೆ, ಅಂದರೆ ಉತ್ತಮ ಅಡುಗೆಗೆ ಮಿಷೆಲಿನ್ ಕೈಪಿಡಿ ಕೊಡುವ ಮನ್ನಣೆ, ಬಂದಿತು. ಸಸ್ಯಾಹಾರಿಗಳಿಗೆ ಇಲ್ಲಿ ಆಯ್ಕೆ ಕಡಿಮೆಯೆಂಬುದನ್ನು ಹೇಳಲೇಬೇಕು. ಆದರೆ ಕೇಳಿದ ಮೇಲೆಯೇ ಒಲೆಗೆ ಹೋಗುವ ಮ್ಯಾಡಲೀನ್ ಕೇಕುಗಳಿಗಾಗಿ ಕಾಲು ಗಂಟೆ ಕಾಯುವುದರಲ್ಲಿ ಯಾವ ನಷ್ಟವೂ ಇಲ್ಲ.